ಹೆಸರು ಬರೆದ ಪೆಟ್ಟಿಗೆಗಳು

ಬಂಗಾರಪೇಟೆ ಸ್ಟೇಷನ್ನಿನ ಹಿಂಬದಿಯ ಹೆಂಚಿನ ಶೆಡ್ಡಿನಲ್ಲಿ ಐಸ್‌ಕ್ಯಾಂಡಿ ಮಿಷನ್ ಕೂರಿಸಿದ ವರ್ಷ ಅಕ್ಕಯ್ಯಮ್ಮನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ, ಬೂದಿಕೋಟೆ ಕಡೆಯಿಂದ ಸಂತೆಗೆ ಬಂದ ತೌರಿನವರು ಅವಳ ಮುಖ ನೋಡಿ, "ಇದ್ಯಾಕಮ್ಮಾ ಇಂಗ್ ಬಾಡೋಗಿದೀಯ? ನೆಳ್ಳಲ್ಲೇ ತಾನೆ ಇರಾದು?" ಎಂದು ಕೇಳತೊಡಗಿದ್ದರು. ನೆರಳೇನೋ ನಿಜ. ಆದರೆ ಬೆಳಗಿನಿಂದ ಸಂಜೆವರೆಗೆ ಹಾಲು ತುಂಬಿದ ತಗಡಿನ ಅಚ್ಚುಗಳನ್ನು, ಮಿಷನ್ ಕೊರೆಯುವಂತೆ ತಣಿಸಿದ ಉಪ್ಪುನೀರಿನ ತೊಟ್ಟಿಗೆ ಇಳಿಸಿ, ಗಟ್ಟಿಯಾದವನ್ನು ಎತ್ತಿ, ಮತ್ತೆ ತುಂಬಿ ಮತ್ತೆ ಇಳಿಸಿ ಅವಳ ಬೆರಳ ಸಂದುಗಳೆಲ್ಲ ಬಿರುಕು ಬಿಟ್ಟಿದ್ದವು. ಆ ಬಿರುಕಿಗೆ ಉಪ್ಪುನೀರು ತಾಕಿದರೆ ಜೀವ ಚುರುಕ್ಕೆನ್ನುತ್ತಿತ್ತು. ಹೊರಗೆ ಸುಡುಬಿಸಿಲು, ಒಳಗೆ ಕೈ ಮರಗಟ್ಟುವ ಚಳಿ. ಹೊಲದ ಕೆಲಸದಲ್ಲಿ ದೇಹವೆಲ್ಲ ಒಟ್ಟಿಗೆ ದಣಿಯುತ್ತದೆ, ಇಲ್ಲಿ ಕೈ ಒಂದು ಲೋಕದಲ್ಲಿ ದಣಿದರೆ ಬೆನ್ನು ಇನ್ನೊಂದು ಲೋಕದಲ್ಲಿ ದಣಿಯುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಗಂಡ ಕದಿರಪ್ಪ ಬೆಂಗಳೂರು ದಂಡಿನಲ್ಲಿ ಒಂದು ಐಸ್ ಕಾರ್ಖಾನೆಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುವ ಕೆಲಸಕ್ಕಿದ್ದವನು. ಅಲ್ಲಿ ಹೊಸ ಯಂತ್ರ ಬಂದಾಗ ಮೂಲೆಗೆ ಎಸೆದ ಹಳೆಯ ಕಂಪ್ರೆಸರನ್ನು ಲಾರಿಗೆ ಹಾಕಿಸಿಕೊಂಡು ಬಂದಿದ್ದ. ಅದನ್ನು ಬಿಚ್ಚಿ, ಉಜ್ಜಿ, ಮತ್ತೆ ಕೂಡಿಸಿ, ಮೋಟರಿಗೆ ಬೆಲ್ಟ್ ಹಾಕಿ, ಅದು ಮೊದಲ ಸಲ ಗುರುಗುಟ್ಟಿದ ದಿನ ಅವನು ಮಗುವಿನಂತೆ ಚಪ್ಪಾಳೆ ತಟ್ಟಿದ್ದನ್ನು ಅಕ್ಕಯ್ಯಮ್ಮ ನೋಡಿದ್ದಳು. ಯಂತ್ರ ಅವನದು, ಹಾಲು, ಸಕ್ಕರೆ, ಏಲಕ್ಕಿ, ನೀರು ಅವಳದು. ಅದರಲ್ಲೂ ನೀರಿನ ವಿಷಯದಲ್ಲಿ ಅವಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಹೊಕ್ಕು, ಕೆಳಗಣ ಬಾವಿಯ ನೀರು ಕುಡಿಯುವ ಮನೆಗಳೆಲ್ಲ ಜನ ಸತ್ತು ಬಾಗಿಲು ಹಾಕಿಕೊಂಡಿದ್ದವು. ಹಾಗಾಗಿ ಕುದಿಸಿ ಆರಿಸದ ನೀರು ಅವಳ ಅಚ್ಚಿಗೆ ಬೀಳುತ್ತಿರಲಿಲ್ಲ. ದೊಡ್ಡ ತಾಮ್ರದ ಹಂಡೆ, ಅದರಡಿ ಸದಾ ಉರಿಯುವ ಒಲೆ, ಸೌದೆಯ ಹೊಗೆ. ಐಸ್ ಮಾಡುವವರ ಮನೆಯಲ್ಲಿ ಯಾಕಿಷ್ಟು ಬೆಂಕಿ ಎಂದು ಸ್ಟೇಷನ್ನಿನ ಕೂಲಿಗಳು ನಗುತ್ತಿದ್ದರು.

ಮೊದಮೊದಲು ಸ್ಟೇಷನ್ನಿನ ಹತ್ತಿರವೇ ಮಾರಿದರು. ಹಾಗಿರುವಾಗ ಪೆರುಮಾಳ್ ಬಂದ. ಚಿನ್ನದ ಗಣಿಯ ಕೂಲಿಗಳ ಸಾಲುಮನೆ, ನಂದಿದುರ್ಗ ಲೈನಿನವನು. ಗಣಿಯ ತಳದಲ್ಲಿ ದುಡಿದು ದುಡಿದು ಎದೆಗೆ ದೂಳು ಕೂತು, ಇನ್ನು ಕೆಳಕ್ಕೆ ಇಳಿಯಲಾರದೆ ಕೆಲಸ ಬಿಟ್ಟಿದ್ದ. ವಯಸ್ಸಿನಲ್ಲಿ ಅಕ್ಕಯ್ಯಮ್ಮನಿಗಿಂತ ಹಿರಿಯನಾದರೂ ಬಾಯ್ತುಂಬ ಅಕ್ಕಾ ಎಂದ.

"ಅಕ್ಕಾ, ಭೂಮಿ ಒಳಗೆ ಬೆಂದು ಬೆಂದು ಸಾಕಾಗೋಯ್ತು. ಇನ್ನು ತಣ್ಣಗಿರೋ ಕೆಲಸ ಕೊಡಿ. ಒಂದ್ ಪೆಟ್ಟಿ ಕೊಡಿ, ಲೈನ್ ಪೂರಾ ಸುತ್ತಿ ಮಾರ್ಕೊಂಡ್ ಬತ್ತೀನಿ."

ಮರದ ಪೆಟ್ಟಿಗೆಯ ಒಳಗೆ ತಗಡು ಹೊಡೆದು, ನಡುವೆ ಹೊಟ್ಟು ತುಂಬಿ, ಮೇಲೆ ಗೋಣಿ ಹೊದಿಸಿ ಕೊಟ್ಟರು. ಪೆರುಮಾಳ್ ಅದನ್ನು ಮಾರಿಕುಪ್ಪಂ ರೈಲಿಗೆ ಏರಿಸಿಕೊಂಡು ಹೋಗಿ, ಗಣಿಯ ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ದಾರಿಯಲ್ಲಿ ನಿಲ್ಲುತ್ತಿದ್ದ. ಸಂಜೆಗೆ ಖಾಲಿ ಪೆಟ್ಟಿಗೆ ವಾಪಸ್ಸು ಬರುತ್ತಿತ್ತು. ಒಂದು ದಿನ ಬಂದವನೇ, "ಇದು ಯಾರ ಐಸು ಅಂತ ಜನ ಕೇಳ್ತಾರೆ. ಒಂದು ಎಸರು ಬೇಕು" ಎಂದ. ಕದಿರಪ್ಪ ಮನೆದೇವರ ಹೆಸರು ಹೇಳಿದ. ಪೆರುಮಾಳ್ ತಲೆಯಾಡಿಸಿದ. "ದೇವರ ಎಸರಲ್ಲಿ ಯಾರ್ ಬೇಕಾದ್ರೂ ಮಾರ್ತಾರಣ್ಣ. ಅಕ್ಕನ ಎಸರೇ ಬರೀರಿ. ಇಂಥೋರ ಕೈದು ಅಂದ್ರೆ ತಾಯಂದ್ರು ಮಕ್ಕಳಿಗೆ ಕೊಡಿಸ್ತಾರೆ."

ಹೀಗೆ ನೀಲಿ ಪೆಟ್ಟಿಗೆಯ ಮೇಲೆ ಹಳದಿ ಅಕ್ಷರದಲ್ಲಿ 'ಅಕ್ಕಯ್ಯಮ್ಮ ಐಸ್' ಎಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆಸಿದ್ದಾಯಿತು. ಬಣ್ಣ ಒಣಗುವ ಮುಂಚೆ ಅಕ್ಕಯ್ಯಮ್ಮ ಒಬ್ಬಳೇ ನಿಂತು ಅದನ್ನು ನೋಡಿದಳು. ಓದಲು ಬರುತ್ತಿದ್ದುದು ಒಂದೇ ಲಿಪಿ. ಉಳಿದ ಎರಡರಲ್ಲಿರುವುದೂ ತನ್ನ ಹೆಸರೇ ಎಂದುಕೊಂಡಾಗ ಒಂಥರಾ ನಾಚಿಕೆಯಾಯಿತು.

ಅಲ್ಲಿಂದ ಮುಂದೆ ಕೆಲಸ ತಾನಾಗಿಯೇ ಬೆಳೆಯಿತು. ಬೂದಿಕೋಟೆಗೊಬ್ಬ, ಕಾಮಸಮುದ್ರಕ್ಕೊಬ್ಬ ಪೆಟ್ಟಿಗೆ ಕೇಳಿಕೊಂಡು ಬಂದರು. ನೀಲಿ ಪೆಟ್ಟಿಗೆಗಳು ಬಸ್ಸಿನ ಟಾಪಿನ ಮೇಲೆ ಹುಲ್ಲಿನ ಹೊರೆ, ಕೋಳಿ ಪಂಜರಗಳ ಜೊತೆ ಹೋಗುತ್ತಿದ್ದವು. ಬಸ್ಸು ಕೆಟ್ಟು ನಿಂತರೆ ಎಲ್ಲ ಕರಗಿ, ಕಂಡಕ್ಟರನ ಬೆನ್ನ ಮೇಲೆ ಸಿಹಿ ಹಾಲು ಸುರಿಯುತ್ತಿತ್ತು. ಮಗಳು ಅಶ್ವತ್ಥಮ್ಮನನ್ನು ನೋಡಿಕೊಳ್ಳಲು ಆಗದೆ ಅಜ್ಜಿಯ ಊರಿಗೆ ಬಿಟ್ಟರು. ಒಂದು ಬೇಸಿಗೆಯ ಮಟ್ಟಿಗೆ ಎಂದು ಬಿಟ್ಟದ್ದು. ಹುಡುಗಿ ಅಲ್ಲೇ ಬೆಳೆದಳು.

ಕಾಮಸಮುದ್ರದ ಪೆಟ್ಟಿಗೆ ಹಿಡಿದಿದ್ದ ಜಯರಾಮಪ್ಪ ಚುರುಕಿನ ಮನುಷ್ಯ. ಮಾತಿನಲ್ಲಿ ಬೆಣ್ಣೆ. ಒಂದು ಮಧ್ಯಾಹ್ನ ಬಂದು ಕದಿರಪ್ಪನ ಪಕ್ಕ ಕೂತ.

"ಅಣ್ಣಾ, ಪೆಟ್ಟಿಗೆ ಒತ್ಕೊಂಡು ಎಷ್ಟ್ ದಿನ ಓಡಾಡಾದು? ಅರ್ಧ ಐಸು ದಾರೀಲೇ ಓಯ್ತದೆ. ಆಂಡರ್ಸನ್‌ಪೇಟೇಲಿ ಕರೆಂಟದೆ, ನಲ್ಲಿ ಅದೆ. ಅಲ್ಲಿ ನಾನೇ ಮಿಷನ್ ಆಕ್ತೀನಿ. ನೀವು ಅಕ್ಕನ ಎಸರು ಕೊಡಿ, ಮಾಡೋ ಕ್ರಮ ಏಳ್ಕೊಡಿ. ವರ್ಷಕ್ಕಿಷ್ಟು ಅಂತ ನಾನು ಕೊಡ್ತೀನಿ."

"ಎಸರು ಕೊಡಾದು ಅಂದ್ರೆ ಏನು?" ಎಂದು ಅಕ್ಕಯ್ಯಮ್ಮ ತೊಟ್ಟಿಯ ಬಳಿಯಿಂದಲೇ ಕೇಳಿದಳು.

"ಕೊಟ್ರೆ ಎಸರೇನ್ ಸವೆದೋಯ್ತದಾ ಅಕ್ಕಾ? ನಿಮ್ದು ನಿಮ್ಮತ್ರಾನೇ ಇರ್ತದೆ. ಅಲ್ಲೂ ಇರ್ತದೆ, ಇಲ್ಲೂ ಇರ್ತದೆ."

ಕದಿರಪ್ಪನ ಕಣ್ಣು ಆಗಲೇ ಹೊಳೆಯುತ್ತಿತ್ತು. ತಾನು ಕೂಡಿಸಿದ ಯಂತ್ರದಂಥದೇ ಇನ್ನೊಂದು, ಆಮೇಲೆ ಮತ್ತೊಂದು. ಅವನ ಮನಸ್ಸು ಮಾಲೂರು, ಮುಳಬಾಗಿಲು ದಾಟಿ ಹೋಗಿಬಿಟ್ಟಿತ್ತು. ಅಕ್ಕಯ್ಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು.

"ಕೊಡಿ, ನಾನು ಬ್ಯಾಡ ಅನ್ನಲ್ಲ. ಆದ್ರೆ ನನ್ ಎಸರು ಇಕ್ಕೋರು ಒಲೆ ಮೇಲೆ ಎಸರೂ ಇಕ್ಕಬೇಕು."

ಆ ಸೀಮೆಯವರ ಬಾಯಲ್ಲಿ ಹೆಸರೂ ಎಸರೇ, ಒಲೆಯ ಮೇಲೆ ಕುದಿಯುವ ನೀರೂ ಎಸರೇ. ಗಂಡಸರಿಬ್ಬರೂ ಗಹಗಹಿಸಿ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ. ಜಯರಾಮಪ್ಪ ನಗು ತಡೆದುಕೊಂಡು ಮಿಷನ್ ಮುಟ್ಟಿ ಮಾತು ಕೊಟ್ಟ.

ಐದಾರು ವರ್ಷ ಹಾಗೆಯೇ ನಡೆಯಿತು. ಆಂಡರ್ಸನ್‌ಪೇಟೆಯ ನಂತರ ಮಾಲೂರಿನಲ್ಲಿ, ಮುಳಬಾಗಿಲಿನಲ್ಲಿ ಮಿಷನ್ ಕೂತವು. ಎಲ್ಲಿ ಯಂತ್ರ ಕೆಟ್ಟರೂ ಕದಿರಪ್ಪ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಹಾಲಿನ ಹದ, ನೀರು, ಅಚ್ಚು ತೊಳೆಯುವ ಚೊಕ್ಕಟ ಇವನ್ನೆಲ್ಲ ನೋಡಿ ಬರುವುದು ಅಕ್ಕಯ್ಯಮ್ಮನ ಪಾಲಿಗೆ ಬಂತು. ವಾರದಲ್ಲಿ ಒಂದು ದಿನ ಈ ಬಸ್ಸು, ಇನ್ನೊಂದು ದಿನ ಆ ರೈಲು. ಕಿಟಕಿಗೆ ತಲೆಯಾನಿಸಿದರೆ ಸಾಕು, ಕಣ್ಣು ಮುಚ್ಚಿಹೋಗುತ್ತಿತ್ತು. ದಾರಿಯಲ್ಲಿ ಯಾವುದೋ ಊರಿನ ಮರದಡಿ ನೀಲಿ ಪೆಟ್ಟಿಗೆ ಕಂಡರೆ ಹಿಂದೆ ಹಿಗ್ಗಾಗುತ್ತಿತ್ತು. ಈಗ ಅಲ್ಲಿಯೂ ತನಗೊಂದು ಕೆಲಸ ಕಾದಿದೆಯಲ್ಲಾ ಎಂದು ಆಯಾಸವಾಗುತ್ತಿತ್ತು.

ಆಂಡರ್ಸನ್‌ಪೇಟೆಗೆ ಅವಳು ಹೋಗುತ್ತಿದ್ದುದು ಶುಕ್ರವಾರ. ಜಯರಾಮಪ್ಪ ಬಾಗಿಲಲ್ಲೇ ಎದುರುಗೊಂಡು, "ಬನ್ನಿ ಅಕ್ಕಾ, ಕೂತ್ಕೊಳ್ಳಿ, ಕಾಪಿ ತರುಸ್ತೀನಿ" ಎನ್ನುತ್ತಿದ್ದ. ಒಲೆ ಉರಿಯುತ್ತಿರುತ್ತಿತ್ತು, ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿರುತ್ತಿತ್ತು. ಒಂದು ಸಲ ಆ ಹಂಡೆಯ ತಳದ ಮಸಿ ಅವಳ ಕಣ್ಣಿಗೆ ಬಿತ್ತು. ತೆಳ್ಳಗೆ ಹಚ್ಚಿದಂತಿತ್ತು. ತನ್ನ ಮನೆಯ ಹಂಡೆಯ ಮಸಿ ಬೆರಳು ದಪ್ಪ. ಕೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ವಾಪಸ್ಸಿನ ರೈಲಿನ ಹೊತ್ತಾಗಿತ್ತು, ಕಾಲು ಬೀಗಿತ್ತು, ಕೇಳಿದರೆ ಮಾತು ಬೆಳೆಯುತ್ತದೆ, ರೈಲು ತಪ್ಪುತ್ತದೆ. ಮುಂದಿನ ಸಲ ನೋಡೋಣ ಎಂದುಕೊಂಡು ಎದ್ದಳು. ಮುಂದಿನ ಸಲ ಅದು ಮರೆತೇಹೋಯಿತು.

ಅರವತ್ತಮೂರರ ಬೇಸಿಗೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನದ ರೈಲಿಗೆ ಪೆರುಮಾಳ್ ಬರಿಗೈಯಲ್ಲಿ ಬಂದ. ಆಂಡರ್ಸನ್‌ಪೇಟೆಯ ಮಿಷನ್ ತನ್ನ ಮನೆಗೆ ಹತ್ತಿರವೆಂದು ಅವನು ಈಗ ಅಲ್ಲಿಂದಲೇ ಐಸ್ ತೆಗೆದುಕೊಂಡು ಮಾರುತ್ತಿದ್ದ. ಶೆಡ್ಡಿನ ಹೊಸ್ತಿಲಲ್ಲಿ ಕುಸಿದು ಕೂತು, ದಮ್ಮು ಹಿಂದಕ್ಕೆ ಬರುವವರೆಗೂ ಮಾತಾಡಲಿಲ್ಲ.

"ಪೆಟ್ಟಿಗೆ ಎಲ್ಲಿ ಪೆರುಮಾಳಣ್ಣ?"

"ಮನೇಲಿ ಬಿಟ್ಟು ಬಂದೆ ಅಕ್ಕಾ. ನನ್ ಮಗಳು ಮಾರಿಯಮ್ಮ ಇಲ್ವಾ, ಅವಳ ಪುಳ್ಳೆ, ನನ್ ಮೊಮ್ಮಗು, ಆಸ್ಪತ್ರೇಲಿ ಮಲಗದೆ. ಎರಡು ದಿನದಿಂದ ವಾಂತಿ, ಭೇದಿ. ನಮ್ ಲೈನಲ್ಲಿ ಸುಮಾರ್ ಮಕ್ಕಳಿಗೆ ಅಂಗೇ ಆಗದೆ."

ಅಕ್ಕಯ್ಯಮ್ಮ ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟಳು. "ಎಲ್ಲಾ ಐಸ್ ತಿಂದ ಮಕ್ಕಳಾ?"

"ತಿಂದವೂ ಅವೆ, ತಿನ್ನದಿರೋವೂ ಅವೆ. ನಂಗೇನ್ ಗೊತ್ತಕ್ಕಾ? ಆದ್ರೆ ಆ ಮಗೀಗೆ ನಾನೇ ಕೈಯಾರೆ ಕೊಟ್ಟೆ. ನಮ್ ಅಕ್ಕನ ಐಸು, ತಿನ್ನು ಕಣ್ಣೇ ಅಂತ ಕೊಟ್ಟೆ."

ಅವಳು ಸೀರೆ ಬದಲಿಸಲೂ ಹೋಗಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಂತೆ ಕದಿರಪ್ಪ ಅಡ್ಡ ಬಂದ.

"ನೀನ್ಯಾಕೆ ಓಗ್ತೀಯ? ಈಗ ಓದ್ರೆ ನಮ್ದೇ ತಪ್ಪು ಅಂತ ನಾವೇ ಒಪ್ಕೊಂಡಂಗೆ."

"ಓಗ್ದಿದ್ರೆ?"

ಕದಿರಪ್ಪ ದಾರಿ ಬಿಟ್ಟ.

ಅಂದು ಶುಕ್ರವಾರವಲ್ಲ. ಜಯರಾಮಪ್ಪ ಬಾಗಿಲಲ್ಲಿ ಇರಲಿಲ್ಲ. ಅಕ್ಕಯ್ಯಮ್ಮ ನೇರ ಒಳಗೆ ಹೋದಳು. ಒಲೆ ತಣ್ಣಗಿತ್ತು. ಒಳಗಿನ ಬೂದಿ ಹಳೆಯದು, ಅದರ ಮೇಲೆ ಬೆಕ್ಕು ಮಲಗಿತ್ತು. ಹಂಡೆಯನ್ನು ಬೋರಲು ಹಾಕಿತ್ತು. ನಲ್ಲಿಯಿಂದ ರಬ್ಬರ್ ಪೈಪು ನೇರವಾಗಿ ಹಾಲು ಬೆರೆಸುವ ಡ್ರಮ್ಮಿಗೆ ಇಳಿದಿತ್ತು. ಅವಳು ಆ ಪೈಪನ್ನು ಹಿಡಿದುಕೊಂಡು ನಿಂತಳು. ಜಯರಾಮಪ್ಪ ಊಟದಿಂದ ಎದ್ದು ಕೈ ಒರೆಸಿಕೊಳ್ಳುತ್ತ ಬಂದವನು ಅಲ್ಲೇ ನಿಂತ.

"ಊರೆಲ್ಲಾ ಕುಡಿಯೋ ನೀರೇ ಅಕ್ಕಾ ಅದು. ಐಸಾದ್ಮೇಲೆ ಕ್ರಿಮಿಗಿಮಿ ಎಲ್ಲಾ ಸತ್ತೋಯ್ತದೆ."

"ಅಂಗಂತ ಯಾರಂದ್ರು?"

"ಎಲ್ಲಾರೂ ಅಂತಾರೆ."

"ನಾನು ಬರೋ ದಿನ ಮಾತ್ರ ಒಲೆ ಅಚ್ತಿದ್ದಾ?"

ಜಯರಾಮಪ್ಪ ನೆಲ ನೋಡಿದ. ಆಮೇಲೆ ತಲೆಯೆತ್ತಿ, ಮೆಲ್ಲಗೆ, ಆದರೆ ಅಂಜದೆ ಹೇಳಿದ: "ನೀವೂ ಕೇಳ್ಲಿಲ್ಲ, ನಾನೂ ಏಳ್ಲಿಲ್ಲ."

ಬೈಯಬೇಕೆಂದು ಬಂದವಳಿಗೆ ಹಂಡೆಯ ಆ ತೆಳ್ಳನೆಯ ಮಸಿ ಕಣ್ಣೆದುರು ಬಂತು. ಪೈಪನ್ನು ಡ್ರಮ್ಮಿನಿಂದ ಹೊರಗೆಳೆದು ಕೆಳಗೆ ಬಿಟ್ಟಳು. ನೀರು ನೆಲದ ಮೇಲೆ ಹರಿಯತೊಡಗಿತು. ಅದನ್ನು ಹಾಗೇ ಬಿಟ್ಟು ಆಸ್ಪತ್ರೆಯ ದಾರಿ ಹಿಡಿದಳು.

ಆಸ್ಪತ್ರೆಯ ಜಗಲಿಯ ತುಂಬ ತಾಯಂದಿರು. ಮಾರಿಯಮ್ಮ ಗೋಡೆಗೆ ಒರಗಿ, ತೊಡೆಯ ಮೇಲೆ ಮಗಳನ್ನು ಮಲಗಿಸಿಕೊಂಡಿದ್ದಳು. ಮಗುವಿನ ಕಣ್ಣು ಒಳಕ್ಕೆ ಹೋಗಿ, ತುಟಿ ಒಡೆದಿತ್ತು. ಜೊತೆಗೆ ಬಂದಿದ್ದ ಪೆರುಮಾಳ್ ಪರಿಚಯ ಹೇಳಲು ಬಾಯಿ ತೆರೆದ. ಅಷ್ಟರಲ್ಲೇ ಯಾರೋ, "ಇವಳೇ ಆ ಪೆಟ್ಟಿ ಮೇಲಿನ ಅಕ್ಕಯ್ಯಮ್ಮ" ಎಂದರು. ತಾಯಂದಿರು ತಿರುಗಿ ನೋಡಿದರು. ಒಬ್ಬಳು ಎದ್ದು ಬಂದು ಅವಳ ಕಾಲ ಬಳಿ ಉಗಿದಳು. ಆ ಹೆಂಗಸಿನ ಹಸುಗೂಸು ಅಂದು ಬೆಳಿಗ್ಗೆ ಹೋಗಿತ್ತು. ಅದು ಐಸ್ ತಿನ್ನುವ ವಯಸ್ಸಿನದಲ್ಲ, ಇನ್ನೂ ಎದೆಹಾಲು ಕುಡಿಯುವಂಥದು. ಅದನ್ನು ಅಲ್ಲಿ ಯಾರೂ ಹೇಳಲಿಲ್ಲ. ಅಕ್ಕಯ್ಯಮ್ಮನೂ ಹೇಳಲಿಲ್ಲ.

ಮಾರಿಯಮ್ಮ ಮಾತ್ರ ಬೈಯಲಿಲ್ಲ. "ಅಮ್ಮಾ, ಈ ಬಟ್ಟೆ ಒಗ್ದು ತರ್ತೀರಾ? ನಂಗೆ ಏಳಕ್ಕಾಗ್ತಿಲ್ಲ" ಎಂದಳು. ಅಕ್ಕಯ್ಯಮ್ಮ ಬಟ್ಟೆ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು.

ಆ ಜಗಲಿಯಲ್ಲಿ ಅವಳು ಮಗು ಚೇತರಿಸಿಕೊಳ್ಳುವವರೆಗೂ ಉಳಿದಳು. ಬಟ್ಟೆ ಒಗೆದಳು, ನೀರು ಕುದಿಸಿ ತಂದಳು, ಬಾರ್ಲಿ ಗಂಜಿಯನ್ನು ಚಮಚದಲ್ಲಿ ಮಗುವಿನ ಬಾಯಿಗೆ ಬಿಟ್ಟಳು. ಮಗು ಕಣ್ಣು ಬಿಟ್ಟು ಅವಳ ಬಳೆ ಹಿಡಿದು ಎಳೆದ ದಿನ ಪೆರುಮಾಳ್ ಗೋಡೆಯ ಕಡೆ ತಿರುಗಿ ಅತ್ತ. ಹೊರಡುವಾಗ ಅವಳು ಡಾಕ್ಟರನ್ನು ಕೇಳಿಯೇಬಿಟ್ಟಳು: "ಇದು ಯಾವುದರಿಂದ ಬಂತು ಸ್ವಾಮಿ? ಐಸಿಂದಲಾ?"

ಡಾಕ್ಟರು ಕೂಡ ನಿದ್ದೆಗೆಟ್ಟವರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀರಿಂದ ಬಂತಮ್ಮ. ಯಾವ ನೀರು ಅಂತ ಕೇಳಿದರೆ ನಾನು ಏನು ಹೇಳಲಿ?"

ಊರಿಗೆ ಬಂದು ಗಂಡನ ಮುಂದೆ ಕೂತಾಗ ಅವಳಿಗೆ ಒಲೆ ಹಚ್ಚುವಷ್ಟೂ ತ್ರಾಣವಿರಲಿಲ್ಲ. ಕದಿರಪ್ಪ ತಾನೇ ಮುದ್ದೆ ತಿರುವಿ ತಟ್ಟೆ ಮುಂದಿಟ್ಟ. ಅವಳು ಎರಡು ತುತ್ತು ನುಂಗುವವರೆಗೆ ಕಾದು ಹೇಳಿದ: "ನಮ್ ಐಸಿಂದಾನೇ ಅಂತ ಯಾರೂ ಅಂದಿಲ್ವಲ್ಲ."

"ಅಲ್ಲ ಅಂತಾನೂ ಯಾರೂ ಅಂದಿಲ್ಲ."

"ಈಗೇನ್ ಮಾಡ್ಬೇಕಂತೀಯ?"

"ನನ್ ಎಸರು ವಾಪಸ್ ಇಸ್ಕೊಡಿ."

"ಎಲ್ಲಾ ಕಡೆಯಿಂದಾನಾ? ಮಾಲೂರೋನು ಏನ್ ತಪ್ಪು ಮಾಡವ್ನೆ? ಇಷ್ಟು ವರ್ಷ ಎಂಗ್ ಕಟ್ಟಿದೀವಿ ಅಂತ ನಿಂಗೇ ಗೊತ್ತಲ್ಲೇ!"

"ಮಾಲೂರೋನು ತಪ್ಪು ಮಾಡವ್ನೋ ಇಲ್ವೋ ನಂಗೊತ್ತಿಲ್ಲ. ಅದೇ ನಾನು ಏಳ್ತಿರಾದು. ನಾನಿಲ್ದಿರೋ ಕಡೆ ನಾನೇ ಮಾಡಿದ್ದು ಅಂತ ಮಾರ್ತಾ ಅವ್ರೆ. ಎಲ್ಲಾ ಕಡೆ ಓಗಿ ನೋಡಕ್ಕೆ ನಂಗಿನ್ನು ಕಾಲಿಲ್ಲ. ಸಾಕಾಗದೆ. ನಿಮ್ ಮಿಷನ್ನು ಎಷ್ಟ್ ಊರಲ್ಲಾದ್ರೂ ಓಡ್ಲಿ, ನನ್ ಎಸರು ಬ್ಯಾಡ."

ಕದಿರಪ್ಪ ಕೋಪ ಮಾಡಿಕೊಂಡು ಎದ್ದು ಹೋದ. ತೊಟ್ಟಿಯ ಕಟ್ಟೆಯ ಮೇಲೆ ಕೂತು, ಯಂತ್ರ ಗುರುಗುಟ್ಟುವುದನ್ನು ಕೇಳುತ್ತ ಬಹಳ ಹೊತ್ತು ಇದ್ದ. ಅವನಿಗೂ ವಯಸ್ಸಾಗಿತ್ತು. ಸ್ಪ್ಯಾನರ್ ಚೀಲದ ಪಟ್ಟಿ ಒತ್ತಿ ಒತ್ತಿ ಭುಜ ಕಂದಿತ್ತು. ಮಾರನೆಯ ದಿನ ಅವನು ಪೇಟೆಗೆ ಹೋಗಿ ನೀಲಿ ಬಣ್ಣದ ಡಬ್ಬ, ಬ್ರಷ್ಷು ಹಿಡಿದುಕೊಂಡು ಬಂದ. "ನಡಿ, ಇಬ್ರೂ ಓಗಾನ" ಎಂದಷ್ಟೇ ಹೇಳಿದ.

ಊರಿಂದೂರಿಗೆ ಹೋಗಿ ಹಳದಿ ಅಕ್ಷರಗಳ ಮೇಲೆ ನೀಲಿ ಬಳಿದರು. ಬೂದಿಕೋಟೆಯವನು ಜಗಳ ತೆಗೆದ, ನನ್ನ ಹೊಟ್ಟೆ ಮೇಲೆ ಹೊಡೀತೀರಾ ಎಂದು ಕೂಗಿದ. ಮುಳಬಾಗಿಲಿನವನು ತಾನೇ ಪೆಟ್ಟಿಗೆಗಳನ್ನು ತಂದು ಮುಂದಿಟ್ಟು ಒಳಗೆ ಹೋದ. ಅವನ ಒಲೆ ಉರಿಯುತ್ತಿತ್ತು, ಹಂಡೆಗೆ ದಪ್ಪ ಮಸಿ ಹಿಡಿದಿತ್ತು. ಅದನ್ನು ನೋಡಿ ಅಕ್ಕಯ್ಯಮ್ಮನ ಕೈ ತಡೆಯಿತು. ಆದರೂ ಬಳಿದಳು. ಬಸ್ಸಿನಲ್ಲಿ ಕೂತಮೇಲೆ ಗಂಡನಿಗೆ ಕಾಣದಂತೆ ಅತ್ತಳು.

ಜಯರಾಮಪ್ಪನ ಕಡೆ ಹೋಗುವ ಕಷ್ಟವೇ ಬರಲಿಲ್ಲ. ಅವನು ಅವರಿಗಿಂತ ಮುಂಚೆಯೇ ಹೆಸರು ಕೆರೆಸಿ, 'ಜಯ ಐಸ್' ಎಂದು ಕೆಂಪು ಬಣ್ಣದಲ್ಲಿ ಬರೆಸಿಕೊಂಡಿದ್ದ. ಮಳೆಗಾಲ ಬಂದು ಕಾಯಿಲೆ ಇಳಿಯಿತು. ಮರುವರ್ಷದ ಬೇಸಿಗೆಗೆ ಜನ ಎಲ್ಲವನ್ನೂ ಮರೆತಿದ್ದರು. ಆ ಕೆಂಪು ಪೆಟ್ಟಿಗೆಗಳು ಕೋಲಾರದವರೆಗೂ ಹೋದವು. ಅವನು ಆಮೇಲೆ ಒಲೆ ಹಚ್ಚುತ್ತಿದ್ದನೋ ಇಲ್ಲವೋ, ಅಕ್ಕಯ್ಯಮ್ಮ ವಿಚಾರಿಸಲಿಲ್ಲ. ವಿಚಾರಿಸದೆ ಇರುವುದೂ ಒಂದು ಭಾರವೇ ಆಗಿತ್ತು.

ಸ್ಟೇಷನ್ ಹಿಂದಿನ ಶೆಡ್ಡಿನಲ್ಲಿ ಒಂದೇ ಮಿಷನ್ ಉಳಿಯಿತು. ಅಶ್ವತ್ಥಮ್ಮನನ್ನು ಊರಿಂದ ಕರೆಸಿಕೊಂಡರು. ಹುಡುಗಿ ತಾಯಿಯ ಮುಂದೆ ನೆಂಟರ ಮನೆಗೆ ಬಂದವಳಂತೆ ಸೆರಗು ಹೊದ್ದು ಕೂರುತ್ತಿದ್ದಳು. ಅಕ್ಕಯ್ಯಮ್ಮ ಅವಳ ತಲೆ ಬಾಚುವ ನೆಪದಲ್ಲಿ ದಿನವೂ ಒಂದಿಷ್ಟು ಹೊತ್ತು ಹತ್ತಿರ ಕೂರಿಸಿಕೊಳ್ಳುತ್ತಿದ್ದಳು.

ಆ ಮರುವರ್ಷದ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ಮಾರಿಯಮ್ಮ ಬಂದಳು. ಅಪ್ಪನಿಗೆ ಈಗ ರೈಲು ಹತ್ತುವಷ್ಟು ದಮ್ಮಿಲ್ಲ, ಅವನ ಪೆಟ್ಟಿಗೆ ತಾನು ಹಿಡಿಯುತ್ತೇನೆ ಎಂದಳು.

"ಇನ್ನು ನಮ್ ಪೆಟ್ಟಿಗೆ ಮೇಲೆ ಎಸರಿಲ್ಲ ಕಣಮ್ಮ" ಎಂದಳು ಅಕ್ಕಯ್ಯಮ್ಮ. "ಲೈನಲ್ಲಿ ಕೊಳ್ತಾರಾ?"

"ಎಸರು ಬ್ಯಾಡ. ನೀವು ಮಾಡಾದು ನಾನ್ ನೋಡ್ಬೇಕು, ಅಷ್ಟೇ."

ಅವಳು ಒಂದು ಮಣೆ ಎಳೆದುಕೊಂಡು ತೊಟ್ಟಿಯ ಪಕ್ಕ ಕೂತಳು. ನೀರು ಕುದಿದದ್ದು, ಆರಿದ್ದು, ಹಾಲು ಬೆರೆತದ್ದು, ಅಚ್ಚು ಇಳಿದದ್ದು, ಎದ್ದದ್ದು ಎಲ್ಲವನ್ನೂ ಕಣ್ಣು ಕೀಳದೆ ನೋಡಿದಳು. ಸಂಕೋಚ ಪಡಲಿಲ್ಲ, ಮೆಚ್ಚಲೂ ಇಲ್ಲ. ಪೊಲೀಸಿನವರ ಮುಂದೆ ಕೆಲಸ ಮಾಡಿದಂತೆ ಅಕ್ಕಯ್ಯಮ್ಮ ಮೊದಲು ಪ್ರತಿ ಅಚ್ಚನ್ನೂ ಎರಡೆರಡು ಸಲ ತೊಳೆದಳು, ಆಮೇಲೆ ಕೆಲಸ ಎಂದಿನಂತೆ ಸಾಗಿತು. ಮುಗಿದ ಮೇಲೆ ಮಾರಿಯಮ್ಮ ಒಂದು ಐಸ್ ಕಚ್ಚಿ ನೋಡಿದಳು, ಪೆಟ್ಟಿಗೆ ತುಂಬಿಸಿಕೊಂಡಳು, ತಲೆಗೆ ಸಿಂಬಿ ಇಟ್ಟುಕೊಂಡು ಹೊರಟಳು.

ವಾರದ ಮೇಲೆ ಕದಿರಪ್ಪ ಪೆರುಮಾಳನನ್ನು ಮಾತಾಡಿಸಿಕೊಂಡು ಬಂದು ಹೇಳಿದ. ಲೈನಿನಲ್ಲಿ ಹೆಂಗಸರು ಇದು ಯಾರ ಐಸು ಎಂದು ಕೇಳಿದರಂತೆ. ಮಾರಿಯಮ್ಮ ಯಾರ ಹೆಸರನ್ನೂ ಹೇಳಲಿಲ್ಲವಂತೆ. "ನಾನು ಕೂತು ನೋಡಿ ತಂದಿರೋದು" ಎಂದಳಂತೆ. ಕೆಲವರು ಕೊಂಡರಂತೆ, ಕೆಲವರು ಇಲ್ಲವಂತೆ.

"ಆಸ್ಪತ್ರೇಲಿ ಉಗಿದಳಲ್ಲ, ಆಯಮ್ಮ ಕೊಂಡ್ಳಾ?" ಎಂದು ಅಕ್ಕಯ್ಯಮ್ಮ ಕೇಳಿದಳು.

"ಕೊಳ್ಳಲಿಲ್ಲ" ಎಂದ ಕದಿರಪ್ಪ. "ಆದ್ರೆ ನೆಳ್ಳಲ್ಲಿ ಪೆಟ್ಟಿಗೆ ಇಡಕ್ಕೆ ಅವ್ರ ಜಗಲೀಲಿ ಜಾಗ ಕೊಟ್ಟವ್ರಂತೆ."

ಅಕ್ಕಯ್ಯಮ್ಮ ಕೈಯಲ್ಲಿದ್ದ ಅಚ್ಚನ್ನು ಇಳಿಸಿ ಎದ್ದಳು. ಮಧ್ಯಾಹ್ನದ ಹೊತ್ತು, ತೊಟ್ಟಿಯಲ್ಲಿ ಅಚ್ಚುಗಳು ಗಟ್ಟಿಯಾಗಲು ಇನ್ನೂ ಸಮಯವಿತ್ತು. ಮಿಷನ್ ನೋಡಿಕೊಳ್ಳಲು ಗಂಡನಿಗೆ ಹೇಳಿ ಅವಳು ಒಳಮನೆಗೆ ಹೋದಳು. ಮಗಳ ಪಕ್ಕ ಚಾಪೆ ಹಾಸಿಕೊಂಡು, ಎಷ್ಟೋ ವರ್ಷಗಳ ಮೇಲೆ ಹಗಲು ಹೊತ್ತಿನಲ್ಲಿ ಮೈಚಾಚಿ ಮಲಗಿದಳು.